ಡೆಲ್ಟಾರೂನ್: ಡೆಮೊದ ಹಳೆ ಸೇವ್ ಇದೆ, 5ನೇ ಚಾಪ್ಟರ್ ಬರೋ ಮುಂಚೆ ಏನೇನು ಸರಿ ಮಾಡ್ಕೋಬೇಕು?

ಪಿಕ್ಸೆಲ್_ಪಡ್ಡು:

ಡೆಲ್ಟಾರೂನ್ ಅನ್ನೋ, ಚಾಪ್ಟರ್ ಚಾಪ್ಟರ್ ಆಗಿ ಬರ್ತಿರೋ ಗೇಮ್‌ನ ಡೆಮೊದಲ್ಲಿ 1 ಮತ್ತು 2ನೇ ಚಾಪ್ಟರ್ ಮುಗಿದಿವೆ, ಹಳೆ ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ. ಈಗ ಸ್ಟೀಮ್‌ನಲ್ಲಿ ಪೂರ್ತಿ ಗೇಮ್ ತಗೊಂಡು ಹೊಸ ಲ್ಯಾಪ್‌ಟಾಪ್‌ಗೆ ಹಾಕಿದ್ದೇನೆ. 3, 4 ಇನ್ನೂ ಮುಟ್ಟಿಲ್ಲ. ಮೂರು ಪ್ರಶ್ನೆ:

1. ಹಳೆ ಸೇವ್ ಹೊಸ ಲ್ಯಾಪ್‌ಟಾಪ್‌ಗೆ ತರೋದು ಹೇಗೆ? ಡೆಮೊ ಸೇವ್ ಪೂರ್ತಿ ಗೇಮ್‌ನಲ್ಲಿ ನಡೆಯುತ್ತಾ?
2. 1ರ ಗುಟ್ಟಿನ ಬಾಸ್ ಜೆವಿಲ್ ಜೊತೆ ಫೈಟ್ ಮಾಡಿಲ್ಲ, 2ರ ಗುಟ್ಟಿನ ಬಾಸ್ ಸ್ಪ್ಯಾಮ್ಟನ್ ನಿಯೋನ ಮುಗಿಸಿದ್ದೇನೆ. ಈಗ ಹೋಗಿ ಜೆವಿಲ್ ಸೋಲಿಸಿದರೆ ಅವನಿಂದ ಸಿಗೋ ಕ್ರಿಸ್ಟಲ್ ನನ್ನ 2ನೇ ಚಾಪ್ಟರ್ ಫೈಲ್‌ಗೆ ಬಂದು ಸೇರುತ್ತಾ?
3. ಮುಂದಿನ ಚಾಪ್ಟರ್‌ಗಳಿಗೆ ಸೇವ್ ಹೇಗೆ ಇಟ್ಟರೆ ಆಮೇಲೆ ತಲೆನೋವು ಇರಲ್ಲ?

3, 4ರ ಕಥೆ ಬಿಟ್ಟುಕೊಡಬೇಡಿ ದಯವಿಟ್ಟು.

ಹಳೆಮೌಸ್:

ಡೆಮೊ, ಪೂರ್ತಿ ಗೇಮ್ ಎರಡೂ ಒಂದೇ ಫೋಲ್ಡರ್ ನೋಡುತ್ತವೆ. ಹಾಗಾಗಿ ಸೇವ್ ನಡೆಯುತ್ತೆ, ಪರಿವರ್ತನೆ ಗಿರಿವರ್ತನೆ ಏನೂ ಬೇಡ. ಹಳೆ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ಕೀ ಜೊತೆ ಆರ್ ಒತ್ತಿ, ಬರೋ ಚಿಕ್ಕ ಪೆಟ್ಟಿಗೆಯಲ್ಲಿ %ಲೋಕಲ್‌ಆ್ಯಪ್‌ಡೇಟಾ% ಅಂತ ಹೊಡೆದು ಎಂಟರ್ ಮಾಡಿ (ಇಂಗ್ಲಿಷ್ ಅಕ್ಷರದಲ್ಲಿ, ನಡುವೆ ಜಾಗ ಇಲ್ಲದೆ). ಅಲ್ಲಿ ಡೆಲ್ಟಾರೂನ್ ಅನ್ನೋ ಫೋಲ್ಡರ್ ಇರುತ್ತೆ. ಅದನ್ನ ಇಡಿಯಾಗಿ ಪೆನ್‌ಡ್ರೈವ್‌ಗೆ ಹಾಕಿ, ಹೊಸದರಲ್ಲಿ ಅದೇ ಜಾಗದಲ್ಲಿ ಇಳಿಸಿ. ಗೇಮ್ ಬಂದ್ ಮಾಡಿರಬೇಕು. ಶುರು ಮಾಡಿದಾಗ ಕ್ಲೌಡ್ ಬೇಕಾ, ಈ ಮಷೀನಿಂದು ಬೇಕಾ ಅಂತ ಸ್ಟೀಮ್ ಕೇಳಿದರೆ ತಾರೀಖು ನೋಡದೆ ಒತ್ತಬೇಡಿ. ಹೊಸ ಲ್ಯಾಪ್‌ಟಾಪ್‌ನಲ್ಲಿ ಒಂದು ಸಲ ಸುಮ್ಮನೆ ತೆಗೆದು ನೋಡಿದ್ದರೂ ಅಲ್ಲೊಂದು ಖಾಲಿ ಸೇವ್ ಹುಟ್ಟಿರಬಹುದು, ಅದು ಹಳೇದರ ಮೇಲೆ ಕೂತರೆ ಕಥೆ ಮುಗೀತು.

ಫೋಲ್ಡರ್ ಒಳಗಿನ ಹೆಸರುಗಳು ಓದಕ್ಕೆ ಬಂದರೆ ಅರ್ಧ ಗೊಂದಲ ಹೋಗುತ್ತೆ. ಫೈಲ್‌ಸಿಎಚ್1_0, _1, _2 ಇವು ಮೊದಲ ಚಾಪ್ಟರ್‌ನ ಮೂರು ಸ್ಲಾಟ್. _3, _4, _5 ಇದೆಯಲ್ಲ, ಅವು ಅದೇ ಸ್ಲಾಟ್‌ಗಳ "ಮುಗಿಸಿದ" ಪ್ರತಿ: 0ದ್ದು 3ಕ್ಕೆ, 1ರದ್ದು 4ಕ್ಕೆ, 2ರದ್ದು 5ಕ್ಕೆ. ಮುಂದಿನ ಚಾಪ್ಟರ್ ಓದೋದು ಈ ಎರಡನೇ ಗುಂಪನ್ನ ಮಾತ್ರ. ಎರಡನೇ ಚಾಪ್ಟರ್‌ಗೆ ಸಿಎಚ್2, ಹೀಗೇ ಮುಂದಕ್ಕೆ. "ಚಾಪ್ಟರ್ ಮುಗಿಸಿದ್ದೆ, ಆದ್ರೂ ಮುಂದಿನದರಲ್ಲಿ ಕಾಣ್ತಿಲ್ಲ" ಅನ್ನೋರ ಫೋಲ್ಡರ್ ತೆಗೆದು ನೋಡಿದರೆ _0 ಇರುತ್ತೆ, _3 ಇರಲ್ಲ. ಡಾರ್ಕ್ ವರ್ಲ್ಡ್‌ನಿಂದ (ಹೋರಾಟಗಳು ನಡೆಯೋ ಲೋಕ) ಹೊರಬಂದ ತಕ್ಷಣ ಆಯ್ತು ಅಂದುಕೊಂಡು ಬಂದ್ ಮಾಡಿರ್ತಾರೆ. ಮನೆಗೆ ಹೋಗಿ, ಆ ಕೊನೆಯ ದೃಶ್ಯ ನಡೆದು, ಹೆಸರುಗಳ ಪಟ್ಟಿ ಓಡಿ ಮುಗಿಯೋ ತನಕ ಕಾಯಬೇಕು.

ನಿಮ್ಮ 2ನೇ ಪ್ರಶ್ನೆಗೆ ಉತ್ತರ: ಇಲ್ಲ, ಸೇರಲ್ಲ. ಎರಡನೇ ಚಾಪ್ಟರ್ ಶುರುವಾದ ಕ್ಷಣದಲ್ಲಿ ಮೊದಲನೇದರ ಲೆಕ್ಕ ಪೂರ್ತಿ ನಕಲಾಗಿ ಹೊಸ ಫೈಲ್‌ಗೆ ಬರುತ್ತೆ. ಅಲ್ಲಿಗೆ ಎರಡರ ಸಂಬಂಧ ಮುಗೀತು. ಆಮೇಲೆ ಮೊದಲನೇದರಲ್ಲಿ ಏನೇ ಮಾಡಿದರೂ ಆಗಲೇ ನಡೀತಿರೋ 2ನೇದಕ್ಕೆ ಗೊತ್ತಾಗಲ್ಲ. ಜೆವಿಲ್‌ನ ಕ್ರಿಸ್ಟಲ್ ಬೇಕು ಅಂದರೆ ಮೊದಲ ಚಾಪ್ಟರ್ ಮತ್ತೆ ಕೊನೆವರೆಗೆ ಮುಗಿಸಿ, 2ನೇದರ ಫೈಲ್ ಪರದೆಯಲ್ಲಿ ಕೆಳಗಿರೋ "ಚಾಪ್ಟರ್ 1 ಫೈಲ್ಸ್" ಒತ್ತಿ, ಆ ಹೊಸ ಪ್ರತಿಯಿಂದ 2ನ್ನ ಮೊದಲಿಂದ ಆಡಬೇಕು. ಸ್ಪ್ಯಾಮ್ಟನ್ ಕೂಡ ಮತ್ತೆ. 3, 4 ಇನ್ನೂ ಆಡಿಲ್ಲ ಅಂದ್ರಲ್ಲ, ಹಾಗಾದ್ರೆ ಇದಕ್ಕೆ ಇದೇ ಸರಿಯಾದ ಹೊತ್ತು. ನಾಲ್ಕು ಮುಗಿದ ಮೇಲೆ ನೆನಪಾಗಿದ್ದರೆ ನಾಲ್ಕನ್ನೂ ಮತ್ತೆ ಆಡಬೇಕಾಗಿತ್ತು.

ಫೈಲ್‌ಗಳು ಬರೀ ಅಕ್ಷರ, ನೋಟ್‌ಪ್ಯಾಡ್‌ನಲ್ಲಿ ತೆಗೆಯುತ್ತವೆ. ಹಾಗಂತ ಕೈ ಹಾಕಬೇಡಿ. ಯಾವ ಸಾಲಿನಲ್ಲಿ ಏನಿದೆ ಅನ್ನೋದರ ಮೇಲೇ ಗೇಮ್ ಓದೋದು. ಗೊತ್ತಿಲ್ಲದೆ ಒಂದು ಎಂಟರ್ ಜಾಸ್ತಿ ಬಿದ್ದರೆ ಕೆಳಗಿನದೆಲ್ಲ ಒಂದೊಂದು ಮನೆ ಜಾರುತ್ತೆ, ದುಡ್ಡಿನ ಜಾಗಕ್ಕೆ ಇನ್ನೇನೋ ಬಂದು ಕೂರುತ್ತೆ.

ಚಹಾ_ಮತ್ತು_ಚೆಕ್‌ಪಾಯಿಂಟ್:

ಮೇಲಿನದಕ್ಕೆ ಒಂದು ಸೇರಿಸ್ತೀನಿ. ಎಲ್ಲಾ ಮೊದಲಿಂದ ಆಡೋ ಮುಂಚೆ 1ನೇ ಚಾಪ್ಟರ್‌ನ ಫೈಲ್ ಪರದೆ ತೆಗೆದು ನೋಡಿ. ಸ್ಲಾಟ್ ಮೇಲೆ ಹೆಸರು, ಆಡಿದ ಸಮಯ, ಜಾಗ ಮೂರೂ ಇರುತ್ತೆ. ಕಾರ್ಡ್ ಕ್ಯಾಸಲ್ ಅಂತ ಇದ್ದರೆ ನಿಮ್ಮ ಅದೃಷ್ಟ ಚೆನ್ನಾಗಿದೆ, ಚಾಪ್ಟರ್‌ನ ಕೊನೆಯ ಬಾಸ್ ಆದ ರಾಜನ ಹತ್ತಿರ ಹೋಗೋ ಮುಂಚಿನ ಸೇವ್ ಅದು. ಅದನ್ನ ಖಾಲಿ ಸ್ಲಾಟ್‌ಗೆ ಕಾಪಿ ಮಾಡಿ ಅಲ್ಲಿಂದಲೇ ಜೆವಿಲ್‌ಗೆ ಹೋಗಬಹುದು.

ಜೆವಿಲ್ ದಾರಿ: ಕ್ಯಾಸಲ್‌ನ ಲಿಫ್ಟ್‌ನಲ್ಲಿ ನೆಲಮಾಳಿಗೆಗೆ ಇಳಿದು ಬೀಗ ಹಾಕಿದ ಬಾಗಿಲ ಹಿಂದಿನವನ ಜೊತೆ ಮಾತಾಡಿ. ಆಮೇಲೆ ಹೊಲದಲ್ಲಿರೋ ಸೀಮ್ ಅನ್ನೋನ ಅಂಗಡಿಗೆ ವಾಪಸ್ ಹೋಗಿ ಆ ಕೈದಿಯ ವಿಷಯ ಕೇಳಿ. ಇದನ್ನ ಬಿಟ್ಟು ಕೀ ತುಂಡು ಹುಡುಕಿಕೊಂಡು ಅಲೆಯೋರು ಬಹಳ. ಮುರಿದ ಕೀಯದ್ದು ಮೂರು ತುಂಡು. ಮೂರೂ ಸಿಕ್ಕಮೇಲೆ ಮೇಲಿಯಸ್ ಅನ್ನೋ ಸುತ್ತಿಗೆ ತಲೆಯವನ ಹತ್ತಿರ ಕೊಟ್ಟರೆ ಜೋಡಿಸಿ ಕೊಡ್ತಾನೆ. ವಾರ್ಪ್ ಬಾಗಿಲು ಬಳಸಿ, ನಡೆದುಕೊಂಡು ಹೋದರೆ ಸಾಕಾಗಿಹೋಗುತ್ತೆ.

ಮುರಿದ ಕೇಕ್ ಕೂಡ ಅದೇ ಮೇಲಿಯಸ್ ಸರಿ ಮಾಡೋದು. ಸರಿಯಾದ ಕೇಕನ್ನ ತಿನ್ನದೆ ಟಾಪ್ ಶೆಫ್‌ಗೆ ವಾಪಸ್ ಕೊಡಿ. ಬದಲಿಗೆ ಸ್ಪಿನ್ ಕೇಕ್ ಕೊಡ್ತಾನೆ, ಅದು ಖಾಲಿಯಾದ ಮೇಲೆ ಮತ್ತೆ ಹೋದರೆ ಇನ್ನೊಂದು ಪುಕ್ಕಟೆ. ಮೂರೂ ಜನಕ್ಕೆ ಒಟ್ಟಿಗೆ ಹೀಲ್ ಆಗೋದು, ಜೆವಿಲ್ ಹತ್ತಿರ ಇದೇ ಜೀವ ಉಳಿಸೋದು. ಚೀಲದಲ್ಲಿ 12 ಜಾಗ. ಒಂದಕ್ಕೆ ಸ್ಪಿನ್ ಕೇಕ್, ಒಂದೆರಡಕ್ಕೆ ರಿವೈವ್ ಮಿಂಟ್, ಉಳಿದದ್ದರಲ್ಲಿ ಸೀಮ್ ಹತ್ತಿರ 25 ಡಾರ್ಕ್ ಡಾಲರ್‌ಗೆ (ಗೇಮ್ ಒಳಗಿನ ದುಡ್ಡು) ಸಿಗೋ ಡಾರ್ಕ್ ಕ್ಯಾಂಡಿ. ಒಂದು ಕ್ಯಾಂಡಿಗೆ 40 ಎಚ್‌ಪಿ (ಜೀವದ ಅಂಕ).

ಫೈಟ್‌ನಲ್ಲಿ ಎಲ್ಲರೂ ಸೋಲೋದು ಟಿಪಿ (ಮಂತ್ರಕ್ಕೆ ಖರ್ಚಾಗೋ ಅಂಕ) ಲೆಕ್ಕ ತಪ್ಪಿ. ನಿಮ್ಮ ಜೊತೆಗಾರ ರಾಲ್ಸೆಯ ಹೀಲ್ ಪ್ರೇಯರ್‌ಗೆ 32, ಸುಸ್ತಾದವರನ್ನ ಮಲಗಿಸೋ ಪ್ಯಾಸಿಫೈಗೆ 16, ಇನ್ನೊಬ್ಬ ಜೊತೆಗಾತಿ ಸೂಸಿಯ ದೊಡ್ಡ ಏಟು ರೂಡ್ ಬಸ್ಟರ್‌ಗೆ 50. ಡಿಫೆಂಡ್ ಒತ್ತಿದರೆ ತಲೆಗೆ 16 ಸಿಗುತ್ತೆ. ಅಂದರೆ ಇಬ್ಬರು ಡಿಫೆಂಡ್ ಮಾಡಿದರೆ ಒಂದು ಹೀಲ್ ಬಂತು. ಬುಲೆಟ್‌ಗೆ ತಾಗದೆ ಪಕ್ಕದಲ್ಲೇ ಸವರಿಕೊಂಡು ಹೋದರೂ ಟಿಪಿ ಏರುತ್ತೆ, ಜೊತೆಗೆ ಅವನ ಸರದಿಯೂ ಸ್ವಲ್ಪ ಬೇಗ ಮುಗಿಯುತ್ತೆ. ಹೆದರಿ ಮೂಲೆ ಹಿಡಿದು ಕೂತರೆ ಎರಡೂ ಇಲ್ಲ. ಎಕ್ಸ್ ಒತ್ತಿ ಹಿಡಿದರೆ ನೀವು ಓಡಿಸೋ ಹೃದಯ ನಿಧಾನ ಆಗುತ್ತೆ, ಕುದುರೆಗಳು ಅಲೆಯಲೆಯಾಗಿ ಬರೋ ಆ ತಿರುಗುಯಂತ್ರದ ದಾಳಿಗೆ ಇದು ಬೇಕೇ ಬೇಕು. ದೊಡ್ಡ ದೊಡ್ಡ ಹೆಜ್ಜೆ ಹಾಕಿದರೆ ಮುಂದಿನ ಕುದುರೆಗೆ ಡಿಕ್ಕಿ.

ಹೊಡೆದು ಗೆಲ್ಲೋದಾದರೆ ಅವನ ಎಚ್‌ಪಿ 3500. ಹೊಡೆಯದೆ ಗೆಲ್ಲೋದಾದರೆ ಆ್ಯಕ್ಟ್ ಪಟ್ಟಿಯಲ್ಲಿರೋ ಪಿರುವೆಟ್, ಹಿಪ್ನಾಸಿಸ್ ಹಾಕ್ತಾ ಹೋಗಿ, ಸುಸ್ತಾದ ಅಂತ ಬಂದಾಗ ಪ್ಯಾಸಿಫೈ. ಆ ಹೊತ್ತಿಗೆ 16 ಟಿಪಿ ಇಲ್ಲದೆ ಒಂದು ಸರದಿ ಕಳ್ಕೊಂಡು ಸತ್ತವರನ್ನ ಎಣಿಸಕ್ಕಾಗಲ್ಲ. ಮೊದಲೇ ಎತ್ತಿಡಿ. ಕ್ರಿಸ್ಟಲ್ ಎರಡು ರೀತಿಯಲ್ಲೂ ಸಿಗುತ್ತೆ. ಬೇರೆ ಆಗೋದು ಬಹುಮಾನ ಮಾತ್ರ: ಹೊಡೆದರೆ ಡೆವಿಲ್ಸ್‌ನೈಫ್, ಸೂಸಿಯ ಆಯುಧ, ರೂಡ್ ಬಸ್ಟರ್‌ನ ಟಿಪಿ ಖರ್ಚು ಇಳಿಸುತ್ತೆ. ಬಿಟ್ಟರೆ ಜೆವಿಲ್ಸ್‌ಟೇಲ್, ಹಾಕಿಕೊಳ್ಳೋ ರಕ್ಷೆ. ನನ್ನ ಮತ ಬಾಲಕ್ಕೇ.

ನಿಶ್ಶಬ್ದ_ಹೈದ:

ಮೂರು ಸ್ಲಾಟ್ ಹಂಚೋದರ ಬಗ್ಗೆ ಯಾರೂ ಹೇಳಲಿಲ್ಲ. ಒಂದರಲ್ಲಿ ಯಾರನ್ನೂ ಹೊಡೆಯದ ಆಟ. ಒಂದರಲ್ಲಿ ವಿಯರ್ಡ್ ರೂಟ್, ಅಂದರೆ ಎಲ್ಲರೂ ಸ್ನೋಗ್ರೇವ್ ಅನ್ನೋ, ಶತ್ರುಗಳನ್ನ ಹೆಪ್ಪುಗಟ್ಟಿಸೋ ದಾರಿ. ಮೂರನೇದು ಪ್ರಯೋಗಕ್ಕೆ. ಯಾವ ಸ್ಲಾಟ್‌ಗೆ ಯಾವುದು ಅಂತ ಎಲ್ಲಾ ಚಾಪ್ಟರ್‌ನಲ್ಲೂ ಒಂದೇ ಕ್ರಮ ಇಟ್ಟುಕೊಳ್ಳಿ. ಸೇವ್ ಜಾಗದಲ್ಲಿ ಮೂರು ಸ್ಲಾಟ್ ಒಟ್ಟಿಗೆ ಕಾಣುತ್ತೆ, ಕೈ ತಪ್ಪಿ ಪಕ್ಕದ್ದಕ್ಕೆ ಬರೆದರೆ ವಾಪಸ್ ತರೋ ದಾರಿ ಗೇಮ್ ಒಳಗೆ ಇಲ್ಲ.

ಹೊಡೆಯದ ಆಟಕ್ಕೆ 2ರಿಂದ ಒಂದು ಹೊಸ ಲೆಕ್ಕ ಸೇರುತ್ತೆ: ರಿಕ್ರೂಟ್. ಒಂದೊಂದು ಜಾತಿಯ ಶತ್ರುವನ್ನ ಇಷ್ಟು ಸಲ ಬಿಟ್ಟರೆ ಅದು ನಿಮ್ಮ ತಂಡದ ಊರಾದ ಕ್ಯಾಸಲ್ ಟೌನ್‌ಗೆ ಬಂದು ಸೇರುತ್ತೆ. ಆ ಜಾತಿಯ ಒಂದನ್ನ ಹೊಡೆದು ಸೋಲಿಸಿದರೂ ಸಾಕು, "ಲಾಸ್ಟ್" ಅಂತ ಬಿದ್ದು ಆ ಜಾತಿಯೇ ಕೈ ಬಿಟ್ಟಂತೆ. ಒಂದು ರೂಡ್ ಬಸ್ಟರ್ ತಪ್ಪಿ ಹಾಕಿದರೂ ಅಷ್ಟೇ. ತಕ್ಷಣ ಹಿಂದಿನ ಸೇವ್ ತೆಗೆಯಿರಿ, ಮುಂದೆ ಹೋಗಿ ಸೇವ್ ಮಾಡಿದರೆ ಮುಗೀತು. ಪ್ಯಾಸಿಫೈ ಮಾಡಿ ಮಲಗಿಸಿದ್ದೂ ಬಿಟ್ಟ ಲೆಕ್ಕಕ್ಕೇ ಬರುತ್ತೆ.

ವಿಯರ್ಡ್ ರೂಟ್ ಶುರುವಾಗೋದು 2ರಲ್ಲಿ ಕ್ರಿಸ್ (ನೀವು ಆಡಿಸೋ ಪಾತ್ರ) ಮತ್ತು ಸಹಪಾಠಿ ನೋಯೆಲ್ ಇಬ್ಬರೇ ಉಳಿದಾಗ. ಶತ್ರುವನ್ನ ನೋಯೆಲ್‌ನ ಐಸ್‌ಶಾಕ್ (16 ಟಿಪಿ) ಕೊನೇ ಏಟಾಗಿ ಹೆಪ್ಪುಗಟ್ಟಿಸಬೇಕು. ಕ್ರಿಸ್ ಕತ್ತಿಯಿಂದ ಮುಗಿಸಿದರೆ ಅದು ಬೇರೆ ಲೆಕ್ಕ. ಅದಕ್ಕೆ ಕೊನೆಗೆ ಸ್ವಲ್ಪ ಎಚ್‌ಪಿ ಉಳಿದಾಗ ಕ್ರಿಸ್‌ಗೆ ಡಿಫೆಂಡ್ ಕೊಟ್ಟು ಏಟನ್ನ ನೋಯೆಲ್‌ಗೆ ಬಿಡಿ. ಸ್ನೋಗ್ರೇವ್ ಮಂತ್ರಕ್ಕೆ 200 ಟಿಪಿ ಅಂತ ತೋರಿಸುತ್ತೆ, ಪಟ್ಟಿ 100ಕ್ಕೇ ಮುಗಿಯೋದು. ಥಾರ್ನ್‌ರಿಂಗ್ ಹಾಕಿದಾಗ ಅರ್ಧ ಆಗುತ್ತೆ, ಅದಕ್ಕೇ ಆ ಉಂಗುರ ಬೇಕಾಗೋದು. ಇದರ ಪರಿಣಾಮ 4ರಲ್ಲೂ ಮುಂದುವರಿಯುತ್ತೆ ಅನ್ನೋದಷ್ಟೇ ಹೇಳ್ತೀನಿ.

ಪಿಕ್ಸೆಲ್_ಪಡ್ಡು:

ಫೋಲ್ಡರ್ ನೋಡಿದೆ. ಸಿಎಚ್1_0 ಕಾರ್ಡ್ ಕ್ಯಾಸಲ್‌ನಲ್ಲೇ ನಿಂತಿದೆ, _3 ಕೂಡ ಇದೆ. ಹಾಗಾದ್ರೆ ಜೆವಿಲ್ ಮುಗಿಸಿ 2ನ್ನ ಮತ್ತೆ ಆಡೋದು ಅಂತ ತೀರ್ಮಾನ. 3ಕ್ಕೆ ಹೋಗೋ ಮುಂಚೆ ಗೊತ್ತಿರಬೇಕಾದ್ದು ಏನಾದ್ರೂ ಇದ್ಯಾ, ಕಥೆ ಇಲ್ಲದೆ? ಮತ್ತೆ 5ಕ್ಕೆ ಬೇರೆ ದುಡ್ಡು ಕೊಡಬೇಕಾ?

ಹಳೆಮೌಸ್:

0ಯನ್ನ ಬೇರೆ ಸ್ಲಾಟ್‌ಗೆ ಕಾಪಿ ಮಾಡಿ ಅದರಲ್ಲಿ ಆಡಿ. 0ಯಲ್ಲೇ ಮುಂದುವರಿಸಿ ಮುಗಿಸಿದರೆ ನಿಮ್ಮ ಹಳೆ _3 ಅಳಿಸಿ ಹೊಸದು ಬರುತ್ತೆ.

3ರ ಬಗ್ಗೆ ಕಥೆ ಇಲ್ಲದೆ ಎರಡು ಮಾತು. ಅಲ್ಲಿ ಟಿವಿ ಆಟದ ಸುತ್ತುಗಳಿಗೆ ರ್‍ಯಾಂಕ್ ಕೊಡ್ತಾರೆ. ಎಸ್ ಬರೋ ಹಾಗೆ ಆಡಿ, ಪ್ರತಿ ಸುತ್ತಿನ ಮುಂಚೆ ಬೇರೆ ಸ್ಲಾಟ್‌ಗೆ ಒಂದು ಸೇವ್ ಇಡಿ. ಎಸ್ ರ್‍ಯಾಂಕ್ ಕೋಣೆಯಲ್ಲಿರೋ ಹಳೆ ಗೇಮ್ ಕನ್ಸೋಲ್ ಅಲಂಕಾರಕ್ಕೆ ಇಟ್ಟಿದ್ದಲ್ಲ. ಅದರ ಜಾಡು ಕೊನೆವರೆಗೆ ಹಿಡಿದರೆ ಶಾಡೋ ಮ್ಯಾಂಟಲ್ ಅನ್ನೋ ರಕ್ಷೆ ಸಿಗುತ್ತೆ. ಚಾಪ್ಟರ್ ಕೊನೆಯ ಹೋರಾಟದ ಏಟು ಅದಿಲ್ಲದೆ ತಡೆಯೋದು ಬಹಳ ಕಷ್ಟ. ಆ ಹೋರಾಟದಲ್ಲಿ ಸೋತರೂ ಗೇಮ್ ಓವರ್ ಬರಲ್ಲ, ಕಥೆ ಮುಂದಕ್ಕೆ ಹೋಗುತ್ತೆ. ಅದರಿಂದಲೇ ಮೋಸ ಹೋಗೋದು: ಸೋಲಲೇಬೇಕಾದ ಫೈಟ್ ಅಂದುಕೊಂಡು ಜನ ಮುಂದೆ ನಡೆದುಬಿಡ್ತಾರೆ, ಕ್ರಿಸ್ಟಲ್ ಇರೋದು ಗೆದ್ದವರಿಗೆ. ಅದರ ಹಿಂದಿನ ಸೇವ್ ಜಾಗದಲ್ಲಿ ಚೀಲ ತುಂಬಿಸ್ಕೊಂಡು ಹೋಗಿ.

ಚಹಾ_ಮತ್ತು_ಚೆಕ್‌ಪಾಯಿಂಟ್:

ದುಡ್ಡು: ಇಲ್ಲ. 1 (2018) ಮತ್ತು 2 (2021) ಪುಕ್ಕಟೆ ಬಂದವು. 2025ರ ಜೂನ್ 4ಕ್ಕೆ 3, 4 ಒಟ್ಟಿಗೆ ಬಂದಾಗ 24.99 ಡಾಲರ್ ಬೆಲೆ ಇಟ್ಟರು. ಒಟ್ಟು 7 ಚಾಪ್ಟರ್ ಅಂದಾಜು, ಒಂದು ಸಲ ಕೊಂಡವರಿಗೆ ಮುಂದಿನದೆಲ್ಲ ಅಪ್‌ಡೇಟ್ ಆಗಿ ಬರುತ್ತೆ. 5ನೇದು 2026ಕ್ಕೆ ಅಂತ ಗೇಮ್ ಮಾಡಿದ ಟೋಬಿ ಫಾಕ್ಸ್ ಹೇಳಿದ್ದರು. 1ರಿಂದ 2ಕ್ಕೆ ಮೂರು ವರ್ಷ, 2ರಿಂದ 3ಕ್ಕೆ ಹತ್ತಿರ ಹತ್ತಿರ ನಾಲ್ಕು ವರ್ಷ ಕಾದವರಿಗೆ ಇದು ಕಣ್ಣು ಮಿಟುಕಿಸಿದ ಹಾಗೆ.

ಇನ್ನೊಂದು ವಿಷಯ. ಈ ಗೇಮ್‌ಗೆ ಅಂತ್ಯ ಒಂದೇ ಅಂತ 2018ರಲ್ಲೇ ಅವರು ಬರೆದಿದ್ದಾರೆ. ಹಾಗಾಗಿ ಕ್ರಿಸ್ಟಲ್ ಎಲ್ಲಾ ಕೂಡಿಸದಿದ್ದರೆ "ಕೆಟ್ಟ ಅಂತ್ಯ" ಬರುತ್ತೆ ಅನ್ನೋ ವಿಡಿಯೋಗಳನ್ನ ನೋಡಿ ನಿದ್ದೆ ಕೆಡಿಸ್ಕೋಬೇಡಿ. ಸೀಮ್ ಕ್ರಿಸ್ಟಲ್ ಕೇಳ್ತಾನೆ, 4ನೇ ಚಾಪ್ಟರ್‌ವರೆಗೆ ಚಾಪ್ಟರ್‌ಗೆ ಒಂದರಂತೆ ನಾಲ್ಕು. ಅದರಿಂದ ಏನಾಗುತ್ತೆ ಅನ್ನೋದು ಮುಂದಿನ ಚಾಪ್ಟರ್‌ಗಳ ಕೈಲಿದೆ.

ನಿಶ್ಶಬ್ದ_ಹೈದ:

ಅಪ್‌ಡೇಟ್ ಬರೋ ದಿನಕ್ಕೆ ಒಂದು ಕಿವಿಮಾತು. ಗೇಮ್ ಇನ್‌ಸ್ಟಾಲ್ ಆದ ಜಾಗದಲ್ಲಿ ಚಾಪ್ಟರ್‌ಗೆ ಒಂದು ಫೋಲ್ಡರ್ ಇರುತ್ತೆ, ಪ್ರತಿಯೊಂದೂ ಬೇರೆ ಗೇಮ್ ಇದ್ದ ಹಾಗೆ. ಮಾಡ್ (ಆಟಗಾರರೇ ಮಾಡಿದ ಬದಲಾವಣೆ) ಹಾಕಿ ಆ ಫೈಲ್ ಬದಲಿಸಿದ್ದರೆ ಅಪ್‌ಡೇಟ್ ಮೇಲೆ ಅರ್ಧಂಬರ್ಧ ಆಗಿ ತೆರೆಯದೇ ಇರಬಹುದು. ಸ್ಟೀಮ್‌ನಲ್ಲಿ ಗೇಮ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಇನ್‌ಸ್ಟಾಲ್ಡ್ ಫೈಲ್ಸ್, ವೆರಿಫೈ. ಸೇವ್ ಇರೋದು ಬೇರೆ ಜಾಗ ಆದ್ದರಿಂದ ಇದರಿಂದ ಸೇವ್‌ಗೆ ಏನೂ ಆಗಲ್ಲ, ಅನ್‌ಇನ್‌ಸ್ಟಾಲ್ ಮಾಡಿದರೂ ಆಗಲ್ಲ. ಹಾರ್ಡ್‌ಡಿಸ್ಕ್ ಫಾರ್ಮ್ಯಾಟ್ ಮಾಡಿದರೆ ಮಾತ್ರ ಹೋಗುತ್ತೆ.

ಮ್ಯಾಕ್ ಇದ್ದವರು ಲೈಬ್ರರಿ ಒಳಗೆ ಅಪ್ಲಿಕೇಶನ್ ಸಪೋರ್ಟ್‌ನಲ್ಲಿ ಟೋಬಿಫಾಕ್ಸ್ ಹೆಸರಿನ ಫೋಲ್ಡರ್ ನೋಡಿ. ಸ್ಟೀಮ್ ಡೆಕ್‌ನಲ್ಲಿ ಕಂಪ್ಯಾಟ್‌ಡೇಟಾ ಒಳಗೆ 1671210 ಅನ್ನೋ ನಂಬರ್, ಅದರೊಳಗೆ ವಿಂಡೋಸ್‌ನದೇ ದಾರಿ.

ಪಿಕ್ಸೆಲ್_ಪಡ್ಡು:

ಕಾಪಿ ಆಯ್ತು, ಕೀಯ ಎರಡು ತುಂಡು ಸಿಕ್ಕಿವೆ. ಸ್ಪಿನ್ ಕೇಕ್ ಇದೆ ಅಂತಲೇ ಗೊತ್ತಿರಲಿಲ್ಲ, ಹೋದ ಸಲ ಆ ಕೇಕ್ ತಿಂದುಹಾಕಿದ್ದೆ.

ಚಹಾ_ಮತ್ತು_ಚೆಕ್‌ಪಾಯಿಂಟ್:

ಎಲ್ಲರೂ ಮೊದಲ ಸಲ ತಿನ್ನೋದೇ. ಈ ಸಲ ಜೆವಿಲ್ ಹತ್ತಿರ ಸ್ಪಿನ್ ಕೇಕ್ ಖರ್ಚಾಗಿ ಸೋತರೆ ಚಿಂತೆ ಬೇಡ, ಸೇವ್ ತೆಗೆದರೆ ಕೇಕ್ ಚೀಲದಲ್ಲೇ ಇರುತ್ತೆ. ಗೆದ್ದ ಮೇಲೆ ರಾಜನ ಹತ್ತಿರ ಹೋಗೋ ಮುಂಚೆ ಇನ್ನೊಂದು ಇಸ್ಕೊಂಡು ಹೋಗಿ.