ಇಂಟರ್‌ಆ್ಯಕ್ಟಿವ್ ಬೋರ್ಡೋ, ಟ್ಯಾಬೋ? ಬಳಸಿದವರು ಹೇಳಿ

ಎಂಟನೇ ಕ್ಲಾಸ್ ಮೇಡಂ: ನನ್ನ ಕ್ಲಾಸಲ್ಲಿ 46 ಮಕ್ಕಳು. ಗಣಿತ, ವಿಜ್ಞಾನ ಎರಡೂ ನನ್ನವೇ. ದಾನಿಯೊಬ್ಬರು ಒಂದು ಇಂಟರ್‌ಆ್ಯಕ್ಟಿವ್ ಬೋರ್ಡ್ (ಪೆನ್ನಲ್ಲಿ ಮುಟ್ಟಿ ಬರೆಯೋ ದೊಡ್ಡ ಪರದೆ) ಅಥವಾ 12 ಟ್ಯಾಬ್, ಎರಡರಲ್ಲಿ ಒಂದು ಕೊಡಿಸ್ತಾರಂತೆ. ಇಂಟರ್ನೆಟ್ ಬಂದರೆ ಬಂತು. ಈ ವಾರ ಹೇಳಬೇಕು. ಅನುಭವ ಇದ್ದವರು ದಯವಿಟ್ಟು ತಿಳಿಸಿ.

ಲ್ಯಾಬ್ ಮೇಷ್ಟ್ರು: ಸ್ಟಾಫ್ ಮೀಟಿಂಗಲ್ಲಿ ಬೋರ್ಡೇ ಬೇಕು ಅಂತ ಜಗಳ ಆಡಿ ತರಿಸಿದವನು ನಾನು, ಅನುಭವಿಸಿದವನೂ ನಾನೇ. ನಮ್ಮದು ಪ್ರೊಜೆಕ್ಟರ್ ಇರೋ ಮಾದರಿ. ಮೇಲಿನ ಮಹಡಿಯಲ್ಲಿ ಯಾರಾದರೂ ಬೆಂಚ್ ಎಳೆದರೆ ಸಾಕು, ಪ್ರೊಜೆಕ್ಟರ್ ಕೂದಲೆಳೆಯಷ್ಟು ಅಲುಗುತ್ತೆ. ಪೆನ್ ಇಟ್ಟದ್ದು ಒಂದು ಕಡೆ, ಗೆರೆ ಬಿದ್ದದ್ದು ನಾಲ್ಕು ಬೆರಳು ಆಚೆ. ಮತ್ತೆ ಕ್ಯಾಲಿಬ್ರೇಷನ್ (ಪೆನ್ನನ್ನೂ ಗೆರೆಯನ್ನೂ ಹೊಂದಿಸೋದು), ಮತ್ತೆ ಪರದೆ ಮೇಲಿನ ಚುಕ್ಕಿ ಮುಟ್ಟುತ್ತಾ ನಿಲ್ಲೋದು. ಒಂದು ಟರ್ಮ್ ಪೂರ್ತಿ ಡೈರಿಯಲ್ಲಿ ಬರೆದಿಟ್ಟೆ: 40 ನಿಮಿಷದ ಪೀರಿಯಡ್‌ನಲ್ಲಿ ಸರಾಸರಿ 7 ನಿಮಿಷ ಇದಕ್ಕೇ ಹೋಯ್ತು. ಲ್ಯಾಂಪ್ 3,000 ಗಂಟೆ ಬರುತ್ತೆ ಅಂದಿದ್ದರು, 1,740ಕ್ಕೇ ಮಂಕಾಯ್ತು. ಬಿಚ್ಚಿ ನೋಡಿದರೆ ಫಿಲ್ಟರ್ ತುಂಬಾ ಸೀಮೆಸುಣ್ಣದ ಪುಡಿ. ಪಕ್ಕದಲ್ಲೇ ಕರಿಹಲಗೆ ಉಳಿಸಿಕೊಂಡಿದ್ದೆವಲ್ಲ! ಗಾಳಿ ಆಡದೆ ಲ್ಯಾಂಪ್ ಕಾದು ಕಾದು ಸತ್ತಿದೆ. ಇಷ್ಟಾದರೂ ನಾನು ಬೋರ್ಡ್ ಪರವೇ. ಜಿಯೊಜಿಬ್ರಾ ಅನ್ನೋ ಗಣಿತದ ಆ್ಯಪಲ್ಲಿ ತ್ರಿಕೋನದ ಮೂಲೆ ಹಿಡಿದು ಎಳೆಯುತ್ತಾ ಕೋನಗಳ ಮೊತ್ತ 180ರಲ್ಲೇ ನಿಂತದ್ದು ತೋರಿಸಿದ ದಿನ, ವರ್ಷವೆಲ್ಲ ಬಾಯಿ ಬಿಡದ ಹುಡುಗ "ಸರ್ ಇನ್ನೊಂದ್ಸಲ ಎಳೀರಿ" ಅಂದ.

ಗಣಿತದಮ್ಮ: ಎಳೆದದ್ದು ನೀವು ತಾನೇ ಮೇಷ್ಟ್ರೇ? ಅವನ ಕೈಗೆ ಕೊಡಬಹುದಿತ್ತಲ್ಲ. ಬೋರ್ಡ್ ಅಂದರೆ ಒಬ್ಬರ ಕೆಲಸ, 45 ಜನರ ಪಿಕ್ಚರ್. ನಾವು 20 ಟ್ಯಾಬ್ ತಗೊಂಡೆವು. ಮೂರು ವರ್ಷಕ್ಕೆ 11 ಉಳಿದಿವೆ. ಪರದೆ ಒಡೆದವು 4, ಚಾರ್ಜಿಂಗ್ ಪಿನ್ ಸಡಿಲವಾದವು 2, ಬ್ಯಾಟರಿ ಉಬ್ಬಿ ಬೆನ್ನು ಬಿಟ್ಟುಕೊಂಡವು 3. ಆ ಮೂರನ್ನು ರಜೆ ಪೂರ್ತಿ ಚಾರ್ಜಿಗೆ ಹಾಕಿಟ್ಟು ಬೀಗ ಹಾಕಿಕೊಂಡು ಹೋದವರು ಯಾರು ಅಂತ ಇವತ್ತಿಗೂ ಯಾರೂ ಒಪ್ಪಿಕೊಂಡಿಲ್ಲ. 16 ಜಿಬಿ ತಗೊಂಡು ಕೆಟ್ಟೆವು, ಅಪ್‌ಡೇಟ್‌ಗಳೇ ಅದನ್ನೆಲ್ಲ ನುಂಗಿದವು. ಅಪ್‌ಡೇಟ್ ಶುರುವಾಗೋದೂ ಸರಿಯಾಗಿ ನನ್ನ ಪೀರಿಯಡ್‌ನಲ್ಲೇ! ಆದರೆ ಫೆಟ್ ಅನ್ನೋ, ಪರದೆ ಮೇಲೆ ಪ್ರಯೋಗ ಮಾಡಿಸೋ ಸಿಮ್ಯುಲೇಷನ್‌ಗಳನ್ನು ಮೊದಲೇ ಇಳಿಸಿಕೊಂಡರೆ ಇಂಟರ್ನೆಟ್ ಬೇಡ. ಸರ್ಕ್ಯೂಟ್ ಪಾಠದ ದಿನ ಮಕ್ಕಳು ಬೇಕಂತಲೇ ಶಾರ್ಟ್ ಮಾಡಿ ಬ್ಯಾಟರಿಗೆ ಬೆಂಕಿ ಹಚ್ಚಿದರು, ಪರದೆ ಮೇಲೆ. ಆಮೇಲೆ ರೆಸಿಸ್ಟರ್ ಯಾಕೆ ಅಂತ ನಾನು ಬಾಯಿಬಿಟ್ಟು ಹೇಳಲೇ ಇಲ್ಲ.

ಇಬ್ಬರು ಮಕ್ಕಳ ಅಪ್ಪ: ಸ್ವೀಡನ್ ದೇಶವೇ 2023ರಲ್ಲಿ ಪರದೆ ಕಡಿಮೆ ಮಾಡಿ ಪುಸ್ತಕಕ್ಕೆ ದುಡ್ಡು ಇಟ್ಟಿತು. ಕೈಯಲ್ಲಿ ಬರೆದವರಿಗೆ ಹೆಚ್ಚು ಅರ್ಥ ಆಗುತ್ತೆ ಅಂತ 2014ರಲ್ಲೇ ಅಧ್ಯಯನ ಬಂದಿದೆ. ನನ್ನ ಮಗಳು ಟ್ಯಾಬ್ ಬಂದ ವರ್ಷ ಅಕ್ಷರ ಕೆಡಿಸಿಕೊಂಡಳು. ಅದನ್ನು ತಿದ್ದೋಕೆ ದಿನಾ ಸಂಜೆ ಕೂತವನು ನಾನು, ನೀವಲ್ಲ.

ಲ್ಯಾಬ್ ಮೇಷ್ಟ್ರು: ಸರ್, ಆ ಅಧ್ಯಯನ ಕಾಲೇಜು ಹುಡುಗರು ಲ್ಯಾಪ್‌ಟಾಪಲ್ಲಿ ನೋಟ್ಸ್ ಬರೆದುಕೊಳ್ಳೋದರ ಬಗ್ಗೆ. 2019ರಲ್ಲಿ ಬೇರೆಯವರು ಅದನ್ನೇ ಮತ್ತೆ ಮಾಡಿ ನೋಡಿದಾಗ ಫಲಿತಾಂಶ ಅಷ್ಟು ಗಟ್ಟಿಯಾಗಿ ಬರಲಿಲ್ಲ. ಅರ್ಧ ಓದಿ ಬರಬೇಡಿ.

ಇಬ್ಬರು ಮಕ್ಕಳ ಅಪ್ಪ: ಪಾಠ ಮಾಡೋದು ಬಿಟ್ಟು ಚುಕ್ಕಿ ಮುಟ್ಟುತ್ತಾ ನಿಲ್ಲೋರಿಂದ ಓದೋದು ಕಲೀಬೇಕಾ?

ಕಾರ್ಡ್ ಮೇಷ್ಟ್ರು: ಎರಡೂ ಬೇಡ ಮೇಡಂ. ಪ್ಲಿಕರ್ಸ್ ಅನ್ನೋ ಆ್ಯಪಿನ ಕಾರ್ಡ್ ಮುದ್ರಿಸಿ ಮಕ್ಕಳಿಗೆ ಕೊಡಿ, ಅವರು ಎತ್ತಿ ಹಿಡಿದದ್ದನ್ನು ಕ್ಯಾಮೆರಾದಲ್ಲಿ ಓದೋಕೆ ಫೋನ್ ನಿಮ್ಮದೊಂದಿದ್ದರೆ ಸಾಕು. ಕಾರ್ಡಿನ ಯಾವ ಬದಿ ಮೇಲಿದೆಯೋ ಅದೇ ಉತ್ತರ. ಒಂದೇ ಪೆಟ್ಟು ಬಿದ್ದದ್ದು ನನಗೆ: ಹರಿಯದಿರಲಿ ಅಂತ ಮಿರುಗುವ ಲ್ಯಾಮಿನೇಷನ್ ಹಾಕಿಸಿದೆ, ಟ್ಯೂಬ್‌ಲೈಟ್ ಬೆಳಕು ಹೊಳೆದು ಕ್ಯಾಮೆರಾಗೆ ಏನೂ ಕಾಣಲಿಲ್ಲ. ಎಲ್ಲಾ ಕಾರ್ಡ್ ಮತ್ತೆ ಮುದ್ರಿಸಿದೆ, ನನ್ನ ಜೇಬಿಂದ.

ಗಣಿತದಮ್ಮ: ಕಾರ್ಡ್ ತಿರುಗಿಸೋದು ಕಲಿಕೆನಾ? ಪಕ್ಕದವನ ಕಾರ್ಡ್ ನೋಡಿ ತಿರುಗಿಸ್ತಾರೆ.

ಕಾರ್ಡ್ ಮೇಷ್ಟ್ರು: ಪ್ರತಿ ಕಾರ್ಡಿನ ವಿನ್ಯಾಸ ಬೇರೆ ಬೇರೆ, ನಕಲು ಅಷ್ಟು ಸುಲಭ ಅಲ್ಲ. ಮೊದಲು ಉತ್ತರ ಹಿಡಿಸಿ, ಆಮೇಲೆ ಪಕ್ಕದವರ ಜೊತೆ ವಾದ ಮಾಡಿಸಿ, ಮತ್ತೆ ಹಿಡಿಸಬೇಕು. ಹಾರ್ವರ್ಡ್‌ನಲ್ಲಿ ಎರಿಕ್ ಮಜೂರ್ 1991ರಿಂದ ಭೌತಶಾಸ್ತ್ರ ಕಲಿಸಿದ ಕ್ರಮ ಇದು. ಉಬ್ಬಿದ ಬ್ಯಾಟರಿ ಎಣಿಸೋದಕ್ಕಿಂತ ವಾಸಿ.

ನೆಟ್‌ವರ್ಕ್ ನೋಡ್ಕೊಳ್ಳೋನು: ಟ್ಯಾಬ್ ತಗೊಳ್ಳೋರು ವೈಫೈ ಮರೀತಾರೆ. 2.4 ಗಿಗಾಹರ್ಟ್ಸ್‌ನಲ್ಲಿ ಒಂದಕ್ಕೊಂದು ಅಡ್ಡ ಬಾರದ ಚಾನಲ್ 1, 6, 11, ಮೂರೇ. ನಮ್ಮಲ್ಲಿ ಐದು ರೂಟರ್ ತಂದು ಎಲ್ಲವನ್ನೂ 6ರಲ್ಲೇ ಬಿಟ್ಟಿದ್ದರು. ಎರಡು ತಿಂಗಳು ಬೈಸಿಕೊಂಡವನು ನಾನು. ಆಮೇಲೆ ಪುಟ್ಟ ಕಂಪ್ಯೂಟರ್ ಒಂದರಲ್ಲಿ ಕೋಲಿಬ್ರಿ (ಇಂಟರ್ನೆಟ್ ಇಲ್ಲದೆ ಪಾಠ ಒದಗಿಸೋ ತಂತ್ರಾಂಶ) ಹಾಕಿ ಹೊರಗಿನ ಇಂಟರ್ನೆಟ್ ಗೊಡವೆಯೇ ಬಿಟ್ಟೆ. ಕರೆಂಟ್ ಹೋದಾಗ ಮೆಮೊರಿ ಕಾರ್ಡ್ ಎರಡು ಸಲ ಕೆಟ್ಟಿತು, ಮೂರನೇ ಸಲಕ್ಕೆ ಯುಪಿಎಸ್ ಬಂತು. ಬ್ಯಾಕಪ್ ಪ್ರತಿ ಈಗ ನನ್ನ ಚೀಲದಲ್ಲೇ ಇರುತ್ತೆ.

ಎಂಟನೇ ಕ್ಲಾಸ್ ಮೇಡಂ: ಎಲ್ಲರಿಗೂ ಧನ್ಯವಾದ. ನಮ್ಮ ಕ್ಲಾಸಿನ ಕಿಟಕಿ ಪಶ್ಚಿಮಕ್ಕಿದೆ, ಮಧ್ಯಾಹ್ನ ಬಿಸಿಲು ನೇರ ಗೋಡೆಗೆ ಬೀಳುತ್ತೆ. ಬೋರ್ಡ್ ಕಾಣುತ್ತಾ?

ಗಣಿತದಮ್ಮ: ಕಾರ್ಡ್ ಮೇಷ್ಟ್ರೇ, ಎಣಿಸೋಕೆ ನಮ್ಮ ಹತ್ರ 11 ಇನ್ನೂ ಓಡ್ತಿವೆ. ನಿಮ್ಮ ಫೋನ್ ಬಿದ್ದು ಒಡೆದ ದಿನ ಕ್ಲಾಸ್ ಏನು ಮಾಡುತ್ತೆ ಹೇಳಿ.

ಲ್ಯಾಬ್ ಮೇಷ್ಟ್ರು: ಚುಕ್ಕಿ ಮುಟ್ಟೋದರ ಬಗ್ಗೆ ಮಾತಾಡಿದವರಿಗೆ: ಹೊಸ ಲ್ಯಾಂಪ್ ಹಾಕಿ 212 ಗಂಟೆ ಆಯ್ತು, ಫಿಲ್ಟರ್ ಪ್ರತಿ ಶನಿವಾರ ನಾನೇ ಒರೆಸ್ತೀನಿ. ಡೈರಿ ಇದೆ, ಬೇಕಾದರೆ ಫೋಟೊ ಹಾಕ್ತೀನಿ.