ಆಪರೇಷನ್‌ನಲ್ಲಿ ರಕ್ತ ನಿಲ್ಲಿಸುವ ಸ್ಪಂಜಿಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಬೆನ್ನಿನ ಡಿಸ್ಕ್ ಆಪರೇಷನ್‌ಗೆ ಹೋಗುವವರಿಗಾಗಿ ಕನ್ನಡದಲ್ಲಿ ಒಂದು ಮಾಹಿತಿ ಪತ್ರ ಬರೆಯುತ್ತಿದ್ದೇನೆ. ‘ಟಾಪಿಕಲ್ ಹೀಮೋಸ್ಟಾಟ್’, ಅಂದರೆ ರಕ್ತ ಬರುವ ಜಾಗದಲ್ಲೇ ಇಟ್ಟು ಅದನ್ನು ನಿಲ್ಲಿಸುವ ವಸ್ತು, ಅನ್ನುವಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ನಿಮ್ಮ ಸಲಹೆ ಬೇಕು.

ಮೊದಲು ವಿಷಯ ಹೇಳಿಬಿಡುತ್ತೇನೆ. ಬೆನ್ನುಹುರಿಯ ಹೊದಿಕೆಯ ಸುತ್ತ ತೆಳು ಗೋಡೆಯ ಸಿರೆಗಳ (ವೇನ್‌ಗಳ) ಜಾಲ ಇದೆ. ಅವಕ್ಕೆ ಕವಾಟ ಇಲ್ಲ. ಹೊಟ್ಟೆ ಒತ್ತಿದರೆ ಅಲ್ಲಿನ ರಕ್ತ ಇಲ್ಲಿ ಬಂದು ತುಂಬಿಕೊಳ್ಳುತ್ತದೆ, ಅದಕ್ಕೇ ರೋಗಿಯನ್ನು ಬೋರಲು ಮಲಗಿಸುವಾಗ ಹೊಟ್ಟೆಗೆ ಏನೂ ತಾಗದ ಹಾಗೆ ನೋಡಿಕೊಳ್ಳುತ್ತಾರೆ. ಇಂಥ ಸಿರೆ ಹರಿದರೆ ರಕ್ತ ಚಿಮ್ಮುವುದಿಲ್ಲ, ಕಪ್ಪಗೆ ಉಕ್ಕಿ ಬಂದು ಜಾಗವನ್ನೇ ಮುಚ್ಚಿಬಿಡುತ್ತದೆ. ಹೊಲಿಯಲು ಜಾಗ ಇಲ್ಲ. ಕರೆಂಟಿನಿಂದ ಸುಡೋಣ ಅಂದರೆ ಪಕ್ಕದಲ್ಲೇ ನರ ಇರುತ್ತದೆ, ಎಲ್ಲ ಕಡೆ ಅದು ಆಗದು. ಆಗ ಜೆಲಟಿನ್ ಸ್ಪಂಜಿನ ಸಣ್ಣ ತುಂಡನ್ನು, ಕೆಲವೊಮ್ಮೆ ಥ್ರಾಂಬಿನ್‌ನಲ್ಲಿ (ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನು) ನೆನೆಸಿ, ಅಲ್ಲಿಟ್ಟು ಮೇಲೆ ಒದ್ದೆ ಹತ್ತಿಪಟ್ಟಿಯಿಂದ ಮೆಲ್ಲಗೆ ಒತ್ತಿ ಹಿಡಿಯುತ್ತಾರೆ. ಸಿರೆಯಲ್ಲಿ ಒತ್ತಡ ಕಡಿಮೆ, ಹಾಗಾಗಿ ಇಷ್ಟಕ್ಕೇ ಎಷ್ಟೋ ಸಲ ರಕ್ತ ನಿಲ್ಲುತ್ತದೆ.

ಈಗ ಪದಗಳು. ‘ವೇನ್’ಗೇ ತೊಡಕು. ಪಠ್ಯಪುಸ್ತಕದ ಅಪಧಮನಿ (ಆರ್ಟರಿ), ಅಭಿಧಮನಿ (ವೇನ್) ಎರಡನ್ನೂ ಓದಿದವರೇ ಅದಲುಬದಲು ಮಾಡುತ್ತಾರೆ. ಮಾತಿನಲ್ಲಿ ಜನ ‘ನರ’ ಅಂತಾರೆ, ‘ನರಕ್ಕೆ ಸೂಜಿ ಹಾಕಿದರು’ ಅನ್ನುವ ಹಾಗೆ. ಬೇರೆ ಆಪರೇಷನ್ ಆಗಿದ್ದರೆ ನಡೆಯುತ್ತಿತ್ತೇನೋ. ಬೆನ್ನಿನ ವಿಷಯದಲ್ಲಿ ‘ನರದಿಂದ ರಕ್ತ ಬರಬಹುದು’ ಅಂತ ಬರೆದರೆ ಕಾಲೇ ಹೋಯಿತು ಅಂದುಕೊಳ್ಳುತ್ತಾರೆ! ‘ಸಿರೆ’ ಸಾಕಾ, ಅಥವಾ ‘ಹೃದಯಕ್ಕೆ ರಕ್ತ ವಾಪಸ್ ಒಯ್ಯುವ ನಾಳ’ ಅಂತ ಒಮ್ಮೆ ಬಿಡಿಸಿ ಹೇಳಬೇಕಾ?

ಹೀಮೋಸ್ಟಾಟ್‌ಗೆ ‘ರಕ್ತಸ್ತಂಭಕ’ ಇದೆ, ಆಯುರ್ವೇದದವರಿಗೆ ಪರಿಚಯದ ಪದ. ಆದರೆ ಪೇಪರ್ ಓದುವವರಿಗೆ ಸ್ತಂಭನ ಅಂದರೆ ಹೃದಯಸ್ತಂಭನ. ಸುಶ್ರುತ ಸಂಹಿತೆ ರಕ್ತ ನಿಲ್ಲಿಸಲು ಸಂಧಾನ, ಸ್ಕಂದನ, ಪಾಚನ, ದಹನ ಎಂಬ ನಾಲ್ಕು ದಾರಿ ಹೇಳುತ್ತದೆ. ಅಲ್ಲಿನ ಸ್ಕಂದನ, ಅಂದರೆ ಹೆಪ್ಪುಗಟ್ಟಿಸುವುದು, ಚೆನ್ನಾಗಿದೆ, ಆದರೆ ಇವತ್ತು ಯಾರಿಗೆ ಅರ್ಥವಾದೀತು?

‘ಹೆಪ್ಪುಗಟ್ಟಿಸುವ ಸ್ಪಂಜು’ ಅಚ್ಚಗನ್ನಡ, ನನಗೂ ಇಷ್ಟ. ಆದರೂ ಎರಡು ಕಾರಣಕ್ಕೆ ಬೇಡ ಅನ್ನಿಸುತ್ತಿದೆ. ರಕ್ತ ಹೆಪ್ಪುಗಟ್ಟುವುದು ಅಂದರೆ ಈಗ ಎಲ್ಲರ ತಲೆಗೆ ಬರುವುದು ಹಾರ್ಟ್ ಅಟ್ಯಾಕ್, ಪಾರ್ಶ್ವವಾಯು. ಇನ್ನೊಂದು, ಅದು ಪೂರ್ತಿ ನಿಜವೂ ಅಲ್ಲ. ನಿಜವಾಗಿ ಹೆಪ್ಪುಗಟ್ಟಿಸುವುದು ಥ್ರಾಂಬಿನ್, ಅದು ರಕ್ತದ ಫೈಬ್ರಿನೋಜನ್ ಅನ್ನು ಫೈಬ್ರಿನ್ ಎಳೆಗಳಾಗಿಸುತ್ತದೆ. ಬರೀ ಸ್ಪಂಜು ರಕ್ತ ಹೀರಿ ಉಬ್ಬಿಕೊಳ್ಳುತ್ತದೆ, ಹೆಪ್ಪು ಕೂರಲು ಆಸರೆ ಕೊಡುತ್ತದೆ. ಆ ಉಬ್ಬುವ ಗುಣದಿಂದಲೇ ಅಪಾಯ ಕೂಡ. ಇಕ್ಕಟ್ಟಿನ ಜಾಗದಲ್ಲಿ ಜಾಸ್ತಿ ಉಳಿಸಿದರೆ ನರ ಒತ್ತೀತು, ಅದಕ್ಕೇ ರಕ್ತ ನಿಂತ ಮೇಲೆ ಆದಷ್ಟು ತೆಗೆದುಬಿಡುತ್ತಾರೆ. ಉಳಿದದ್ದು 4ರಿಂದ 6 ವಾರದಲ್ಲಿ ಮೈಯಲ್ಲೇ ಕರಗುತ್ತದೆ. ಇದಕ್ಕೆ ಪದದ ಚಿಂತೆ ಇಲ್ಲ, ‘ಕರಗುವ ಹೊಲಿಗೆ’ ಎಲ್ಲರಿಗೂ ಗೊತ್ತು.

‘ಟಾಪಿಕಲ್’ಗೆ ‘ಮೇಲೆ ಹಚ್ಚುವ’ ಅಂತ ಬರೆದರೆ ಮುಲಾಮು ಅಂದುಕೊಳ್ಳುತ್ತಾರೆ. ‘ರಕ್ತ ಬರುವ ಜಾಗಕ್ಕೇ ಇಡುವ’ ಅಂತ ಬರೆದಿದ್ದೇನೆ.

ಸದ್ಯಕ್ಕೆ ‘ರಕ್ತಸ್ರಾವ ನಿಲ್ಲಿಸುವ ಸ್ಪಂಜು’ ಅಂತಿಟ್ಟಿದ್ದೇನೆ. ಜೆಲಟಿನ್ ಪದವನ್ನು ಬಿಡುವುದಿಲ್ಲ. ಅದನ್ನು ಸಾಮಾನ್ಯವಾಗಿ ಹಂದಿಯ ಚರ್ಮದಿಂದ ತಯಾರಿಸುತ್ತಾರೆ, ಬೇಡ ಅನ್ನುವವರಿಗೆ ಗಿಡಮೂಲದ ಆಕ್ಸಿಡೈಸ್ಡ್ ಸೆಲ್ಯುಲೋಸ್ ಬಗ್ಗೆ ಡಾಕ್ಟರನ್ನು ಕೇಳುವ ಹಕ್ಕಿದೆ, ಅಲ್ವಾ?

ಸ್ಪಂಜು, ಬಟ್ಟೆ, ಪುಡಿ, ಅಂಟು ಎಲ್ಲಕ್ಕೂ ಸೇರಿ ತಲೆಬರಹಕ್ಕೆ ಒಂದೇ ಪದ ಬೇಕು. ‘ರಕ್ತತಡೆ’ ಅಂದರೆ ನಾಳ ಬ್ಲಾಕ್ ಆದ ಹಾಗೆ ಕೇಳುತ್ತದೆ. ‘ಸ್ರಾವತಡೆ’ ಹೇಗೆ? ಅರಿಸಮಾಸ ಅನ್ನುವ ತಕರಾರು ನನಗಿಲ್ಲ. ನಿಮ್ಮ ಕಡೆ ಗಾಯದ ರಕ್ತ ನಿಲ್ಲಿಸುವುದಕ್ಕೆ ಬಳಕೆಯಲ್ಲಿರುವ ಮಾತು ಇದ್ದರೆ, ಯಾವ ಊರಿನದು ಅಂತ ಸೇರಿಸಿ ಬರೆಯಿರಿ.