ಸರಮಾಗೋ ಓದಿ ನಮ್ಮ ಬಳಗ ಇಬ್ಭಾಗವಾಗಿದೆ. ಮುಂದುವರಿಸಬೇಕೋ, ಬಿಡಬೇಕೋ?

ಸಂಜೆಓದು:

ಎಲ್ಲರಿಗೂ ನಮಸ್ಕಾರ. ನಾವು ಒಂಬತ್ತು ಜನ ತಿಂಗಳಿಗೊಂದು ಪುಸ್ತಕ ಓದಿ, ಕೊನೆಯ ಭಾನುವಾರ ಸಂಜೆ ಸೇರಿ ಮಾತಾಡುತ್ತೇವೆ. ಶುರುವಾಗಿ ನಾಲ್ಕು ವರ್ಷವಾಯಿತು. ವಾದ, ಮುನಿಸು ಎಲ್ಲ ಆಗಿವೆ, ಆದರೆ ಪುಸ್ತಕ ಮೇಜಿನ ಮೇಲಿಟ್ಟು ಯಾರೂ ಎದ್ದು ಹೋಗಿರಲಿಲ್ಲ. ಹೋದ ಭಾನುವಾರ ಹಾಗಾಯಿತು. ಅವತ್ತಿನಿಂದ ಮನಸ್ಸಿಗೆ ಸಮಾಧಾನವಿಲ್ಲ, ಯಾಕೆಂದರೆ ಪುಸ್ತಕ ಆರಿಸಿದವಳು ನಾನು.

ಪುಸ್ತಕ ಪೋರ್ಚುಗಲ್ಲಿನ ಕಾದಂಬರಿಕಾರ ಜೋಸೆ ಸರಮಾಗೋ ಅವರ ‘ಬ್ಲೈಂಡ್‌ನೆಸ್’, ಇಂಗ್ಲಿಷ್ ಅನುವಾದದಲ್ಲಿ. ಪೋರ್ಚುಗೀಸಿನಲ್ಲಿ ಬಂದದ್ದು 1995ರಲ್ಲಿ. ಸಿಗ್ನಲ್‌ನಲ್ಲಿ ಕಾರು ನಿಲ್ಲಿಸಿಕೊಂಡು ಕೂತವನೊಬ್ಬನಿಗೆ ಇದ್ದಕ್ಕಿದ್ದಂತೆ ಕಣ್ಣು ಹೋಗುತ್ತದೆ. ಕತ್ತಲೆ ಕವಿಯುವುದಿಲ್ಲ, ಎಲ್ಲ ಹಾಲಿನಂತೆ ಬೆಳ್ಳಗಾಗುತ್ತದೆ. ಮನೆಗೆ ಬಿಡುತ್ತೇನೆಂದು ಬಂದವನು ಅವನ ಕಾರನ್ನೇ ಕದಿಯುತ್ತಾನೆ. ಕಳ್ಳನ ಕಣ್ಣೂ ಹೋಗುತ್ತದೆ, ಪರೀಕ್ಷೆ ಮಾಡಿದ ಕಣ್ಣಿನ ಡಾಕ್ಟರದ್ದೂ ಹೋಗುತ್ತದೆ. ಹರಡುವ ರೋಗವೆಂದು ಹೆದರಿದ ಸರ್ಕಾರ ಎಲ್ಲರನ್ನೂ ಪಾಳು ಬಿದ್ದ ಮಾನಸಿಕ ಆಸ್ಪತ್ರೆಯೊಂದರಲ್ಲಿ ಕೂಡಿಹಾಕುತ್ತದೆ. ಒಳಗಿರುವವರಲ್ಲಿ ಕಣ್ಣು ಕಾಣುವುದು ಡಾಕ್ಟರ ಹೆಂಡತಿಗೊಬ್ಬಳಿಗೇ. ಗಂಡನ ಜೊತೆಗಿರಲೆಂದು ತನಗೂ ಕಾಣುವುದಿಲ್ಲವೆಂದು ಸುಳ್ಳು ಹೇಳಿ ಬಂದವಳು. ಯಾರಿಗೂ ಹೆಸರಿಲ್ಲ. ಕಪ್ಪು ಕನ್ನಡಕದ ಹುಡುಗಿ, ಮೆಳ್ಳೆಗಣ್ಣಿನ ಹುಡುಗ, ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ಮುದುಕ, ಹೀಗೆ.

ಕಥೆ ಯಾರಿಗೂ ಅರ್ಥವಾಗದೆ ಹೋಗಲಿಲ್ಲ. ತಕರಾರೆಲ್ಲ ಬರೆದಿರುವ ರೀತಿಯ ಮೇಲೆ. ಪ್ಯಾರಾ ಶುರುವಾದರೆ ಪುಟಗಟ್ಟಲೆ ಮುಗಿಯುವುದಿಲ್ಲ. ಉದ್ಧರಣ ಚಿಹ್ನೆ ಇಲ್ಲ, ಪ್ರಶ್ನಾರ್ಥಕ ಚಿಹ್ನೆಯೂ ಇಲ್ಲ. ಇರುವುದು ಅಲ್ಪವಿರಾಮ, ಪೂರ್ಣವಿರಾಮ ಎರಡೇ. ಒಬ್ಬರ ಮಾತು ಮುಗಿದು ಇನ್ನೊಬ್ಬರದ್ದು ಶುರುವಾಯಿತೆಂದು ತಿಳಿಯಬೇಕಾದರೆ ಕಾಮಾದ ನಂತರ ಕ್ಯಾಪಿಟಲ್ ಅಕ್ಷರ ಬಂದಿದೆಯೇ ಎಂದು ನೋಡಬೇಕು.

ಎದ್ದು ಹೋದವರು ನಮ್ಮಲ್ಲಿ ಎಲ್ಲರಿಗಿಂತ ಹಿರಿಯರು. ಮೂವತ್ತು ವರ್ಷ ಪ್ರೂಫ್ ನೋಡುವ ಕೆಲಸ ಮಾಡಿದವರು. ಅರವತ್ತು ಪುಟಕ್ಕೆ ನಿಲ್ಲಿಸಿದ್ದರು. “ಬರೆದವನು ಮಾಡಬೇಕಾದ ಕೆಲಸವನ್ನು ಓದುವವನ ತಲೆಗೆ ಕಟ್ಟಿದ್ದಾನಮ್ಮ. ಯಾರು ಯಾರಿಗೆ ಹೇಳಿದರು ಅಂತ ಹುಡುಕುವುದರಲ್ಲೇ ನನ್ನ ಸಂಜೆಯೆಲ್ಲ ಹೋಯಿತು,” ಎಂದರು. ಅವರು ಸಿಟ್ಟಿನಲ್ಲಿ ಮಾತಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಇನ್ನೊಬ್ಬರು ಎರಡೇ ರಾತ್ರಿಯಲ್ಲಿ ಓದಿ ಮುಗಿಸಿ ಮತ್ತೆ ಮೊದಲಿನಿಂದ ಹಿಡಿದಿದ್ದಾರೆ. ಇಬ್ಬರು ಬೇಸರವಾಯಿತೆಂದರು, ಅಷ್ಟೇ. ನನಗೆ ನೋವಾದದ್ದು ಗೆಳತಿಯೊಬ್ಬಳ ಮಾತಿಗೆ. ಊಟದ ಪೆಟ್ಟಿಗೆಗಳನ್ನು ಹಿಡಿದಿಟ್ಟುಕೊಂಡ ಒಂದು ವಾರ್ಡಿನ ಗಂಡಸರು ಊಟಕ್ಕೆ ಬದಲಾಗಿ ಹೆಂಗಸರನ್ನು ಕಳಿಸಿ ಎನ್ನುವ ಭಾಗ ಬರುತ್ತದೆ. ಅದು ಗೊತ್ತಿಲ್ಲದೆ ಅವಳು ರಾತ್ರಿ ಹನ್ನೊಂದಕ್ಕೆ ಒಬ್ಬಳೇ ಕೂತು ಓದಿದ್ದಾಳೆ. “ಬರೆಯಬಾರದಿತ್ತು ಅಂತ ನಾನು ಹೇಳಲ್ಲ. ಆದರೆ ನಿನಗೆ ಮೊದಲೇ ಗೊತ್ತಿತ್ತಲ್ಲ, ಒಂದು ಮಾತು ಹೇಳಬಹುದಿತ್ತು,” ಎಂದಳು. ಅವಳು ಹೇಳಿದ್ದು ಸರಿ. ಕ್ಷಮೆ ಕೇಳಿದ್ದೇನೆ.

ನನಗೆ ಈ ಪುಸ್ತಕ ತುಂಬ ಬೇಕಾದದ್ದು. ಮಳೆ ಸುರಿಯುವಾಗ ಮೂವರು ಹೆಂಗಸರು ಬಾಲ್ಕನಿಯಲ್ಲಿ ನಿಂತು ಮೈ ತೊಳೆದುಕೊಳ್ಳುವ ಪುಟಗಳನ್ನು ಎಷ್ಟು ಸಲ ಓದಿದೆನೋ. ಅಷ್ಟೆಲ್ಲ ಹೊಲಸು ದಾಟಿ ಬಂದವರಿಗೆ ಮಾತ್ರ ಆ ನೀರಿನ ಬೆಲೆ ತಿಳಿಯುತ್ತದೆ. ಅಲ್ಲಿವರೆಗೂ ಎಲ್ಲರನ್ನೂ ಕರೆದುಕೊಂಡು ಹೋಗಬೇಕೆಂಬ ಆಸೆ ನನ್ನದು. ಉಳಿದರ್ಧವನ್ನು ಮುಂದಿನ ತಿಂಗಳಿಗೆ ಇಟ್ಟುಕೊಳ್ಳಲೇ, ಬೇರೆ ಪುಸ್ತಕ ತೆಗೆದುಕೊಳ್ಳಲೇ? ನಿಮ್ಮ ಬಳಗಗಳಲ್ಲಿ ಇಂಥದ್ದಾದಾಗ ಏನು ಮಾಡಿದಿರಿ?

ಹಳೇಪುಟ:

ನಮ್ಮ ಗುಂಪಿನಲ್ಲೂ ಹೀಗೇ ಆಗಿತ್ತು, ಬೇರೆ ಲೇಖಕರ ವಿಷಯದಲ್ಲಿ. ನಿಮ್ಮ ಹಿರಿಯರಿಗೆ ಒಂದು ಸಂಗತಿ ತಿಳಿಸಿ. ಸರಮಾಗೋ ಈ ಶೈಲಿಯನ್ನು ವಿದ್ವತ್ತು ತೋರಿಸಲು ಕಟ್ಟಿದವರಲ್ಲ. 1980ರಲ್ಲಿ ಬಂದ ಕಾದಂಬರಿಯೊಂದಕ್ಕಾಗಿ ಅವರು ಪೋರ್ಚುಗಲ್ಲಿನ ಅಲೆಂಟೆಜು ಪ್ರದೇಶಕ್ಕೆ ಹೋಗಿ, ಅಲ್ಲಿನ ಕೃಷಿ ಕೂಲಿಗಳ ನಡುವೆ ಇದ್ದು, ಅವರ ಬದುಕಿನ ಕಥೆ ಕೇಳಿಕೊಂಡು ಬಂದಿದ್ದರು. ಬರೆಯಲು ಕೂತಾಗ ಮೊದಲ ಇಪ್ಪತ್ತು ಚಿಲ್ಲರೆ ಪುಟ ಎಲ್ಲರಂತೆಯೇ ಚಿಹ್ನೆ ಹಾಕಿ ಬರೆದರು. ಆಮೇಲೆ ಅವರಿಗೇ ತಿಳಿಯದ ಹಾಗೆ ಬರವಣಿಗೆ ಆ ಜನ ಮಾತಾಡುವ ಧಾಟಿಗೆ ಹೊರಳಿತು. ಮೊದಲ ಪುಟಗಳನ್ನು ಹೊಸ ಧಾಟಿಯಲ್ಲಿ ಮತ್ತೆ ಬರೆದರು. ಆಗ ಅವರ ವಯಸ್ಸು ಐವತ್ತು ದಾಟಿತ್ತು. 1998ರಲ್ಲಿ ನೊಬೆಲ್ ಸ್ವೀಕರಿಸುವಾಗ ಮಾಡಿದ ಭಾಷಣವನ್ನೂ ಅವರು ಶುರು ಮಾಡಿದ್ದು ಓದು ಬರಹ ಬಾರದ ತಮ್ಮ ಅಜ್ಜನಿಂದ, ಬೇಸಿಗೆಯ ರಾತ್ರಿಗಳಲ್ಲಿ ಅಂಜೂರದ ಮರದ ಕೆಳಗೆ ಮಲಗಿ ಆ ಅಜ್ಜ ಹೇಳುತ್ತಿದ್ದ ಕಥೆಗಳಿಂದ.

ಹಾಗಾಗಿ ಇದನ್ನು ಕಿವಿಗೆ ಕೊಡಿ. ಮುಂದಿನ ಸಲ ಚರ್ಚೆ ಬೇಡ, ಎರಡು ಪುಟ ಗಟ್ಟಿಯಾಗಿ ಓದಿ. ಓದುವವರ ದನಿ ಎಲ್ಲಿ ಏರಬೇಕು, ಎಲ್ಲಿ ಇಳಿಯಬೇಕು ಎಂಬುದನ್ನು ವಾಕ್ಯವೇ ಹೇಳಿಕೊಡುತ್ತದೆ.

ನಡುವೆಬಿಟ್ಟೆ:

ನಾನು ಎದ್ದು ಹೋದವರ ಪರ. ಕಿವಿಯಲ್ಲಿ ಕೇಳಿದರೆ ಚೆಂದ ಎನ್ನುವುದು ಸರಿ, ಆದರೆ ಪುಸ್ತಕ ಕೊಳ್ಳುವವರ ಕೈಗೆ ಬರುವುದು ಅಚ್ಚಾದ ಹಾಳೆ. ನಲವತ್ತು ಪುಟವಾದರೂ ಒಂದು ಪುಸ್ತಕ ಓದುಗನಿಗೆ ಏನನ್ನೂ ಕೊಡದಿದ್ದರೆ ಮುಚ್ಚಿಡುವ ಹಕ್ಕು ಅವನಿಗಿದೆ. “ನಿಮಗೆ ತಾಳ್ಮೆ ಸಾಲದು” ಎಂಬ ಭಾವನೆ ಬಳಗದಲ್ಲಿ ಒಮ್ಮೆ ಹೊಕ್ಕರೆ ಜನ ಸುಮ್ಮನೆ ಬರುವುದನ್ನು ನಿಲ್ಲಿಸುತ್ತಾರೆ. ನಾನೂ ಒಂದು ಬಳಗವನ್ನು ಹಾಗೇ ಬಿಟ್ಟವನು.

ನಿಮ್ಮ ಗೆಳತಿಯ ವಿಷಯಕ್ಕೆ ಬಂದರೆ, ಇಂಥ ಭಾಗ ಎಲ್ಲಿ ಬರುತ್ತದೆಂದು ಪುಟಸಂಖ್ಯೆ ಸಮೇತ ಮೊದಲೇ ಹೇಳಿಬಿಡಿ. ಅಲ್ಲಿಂದ ಎಲ್ಲಿಗೆ ದಾಟಿದರೆ ಕಥೆ ಸಿಗುತ್ತದೆ ಎಂಬುದನ್ನೂ ಹೇಳಿ.

ಬೆರಳೋದು:

ನಾನು ಹುಟ್ಟಿನಿಂದ ಕಣ್ಣಿಲ್ಲದವನು. ಈ ಪುಸ್ತಕವನ್ನು ಕಂಪ್ಯೂಟರಿನ ಓದುದನಿಯಲ್ಲಿ ಕೇಳಿದೆ. ನನ್ನ ಸೆಟ್ಟಿಂಗ್‌ನಲ್ಲಿ ಅದು ಕ್ಯಾಪಿಟಲ್ ಅಕ್ಷರವನ್ನು ಬೇರೆ ಮಾಡಿ ಹೇಳುವುದಿಲ್ಲ, ಕಾಮಾ ಬಂದಲ್ಲಿ ಒಂದು ಕ್ಷಣ ನಿಂತು ಮುಂದೆ ಹೋಗುತ್ತದೆ. ಹಾಗಾಗಿ ಯಾರ ಮಾತೆಂಬುದನ್ನು ನಾನು ಮಾತಿನ ಗುಣದಿಂದಲೇ ಗುರುತಿಸಬೇಕಾಯಿತು. ಐವತ್ತು ಪುಟ ಆಗುವಷ್ಟರಲ್ಲಿ ರೂಢಿಯಾಯಿತು. ಡಾಕ್ಟರ ಹೆಂಡತಿಯ ಮಾತು ನನಗೆ ಈಗಲೂ ಗುರುತು ಸಿಗುತ್ತದೆ.

ನನಗೆ ಕಷ್ಟವಾದದ್ದು ಬೇರೆ. ಕಣ್ಣು ಹೋಯಿತೆಂದರೆ ಮನುಷ್ಯ ಹೊಲಸಿನಲ್ಲಿ ಹೊರಳಾಡುತ್ತಾನೆ, ಮಾನ ಬಿಡುತ್ತಾನೆ ಎಂಬ ಚಿತ್ರ ಪುಟದಿಂದ ಪುಟಕ್ಕೆ ಬೆಳೆಯುತ್ತದೆ. ಅದು ರೂಪಕ, ನೋಡಿಯೂ ನೋಡದ ಸಮಾಜದ ಬಗ್ಗೆ ಹೇಳಿದ್ದು ಎಂದು ನೀವು ವಿವರಿಸಬೇಕಿಲ್ಲ, ನನಗೆ ಗೊತ್ತು. ಆದರೆ ಆ ಆಸ್ಪತ್ರೆಯಲ್ಲಿ ಮೊದಲಿನಿಂದಲೂ ಕಣ್ಣಿಲ್ಲದ, ಆ ಬದುಕು ರೂಢಿಯಿದ್ದವನೊಬ್ಬ ಬರುತ್ತಾನೆ. ಬ್ರೈಲ್‌ನಲ್ಲಿ ಲೆಕ್ಕ ಬರೆಯಬಲ್ಲವನು. ಉಳಿದವರಿಗೆ ಓಡಾಡುವುದನ್ನು ಕಲಿಸಬಹುದಾಗಿದ್ದವನು ಅವನು. ಲೇಖಕರು ಅವನನ್ನು ತಂದು ನಿಲ್ಲಿಸಿದ್ದು ಊಟ ಕಸಿಯುವ ಗೂಂಡಾಗಳ ಪಕ್ಕದಲ್ಲಿ. ಅಲ್ಲಿಗೆ ಬಂದಾಗ ನಾನು ಅವತ್ತಿನ ಓದು ನಿಲ್ಲಿಸಿದೆ. 2008ರಲ್ಲಿ ಈ ಕಾದಂಬರಿ ಸಿನಿಮಾ ಆದಾಗ ಅಮೆರಿಕದ ನ್ಯಾಷನಲ್ ಫೆಡರೇಶನ್ ಆಫ್ ದಿ ಬ್ಲೈಂಡ್ ಸಂಸ್ಥೆ ಪ್ರತಿಭಟಿಸಿದ್ದು ಇದೇ ನೋವಿನಿಂದ.

ಆದರೂ ಮುಗಿಸಿದೆ. ಅಳುವ ಹೆಂಗಸಿನ ಕಣ್ಣೀರು ನೆಕ್ಕುವ ಆ ನಾಯಿಗಾಗಿ ಮುಗಿಸಿದೆ ಎಂದರೂ ತಪ್ಪಿಲ್ಲ. ನೀವು ಮುಂದುವರಿಸುವುದಾದರೆ ಆ ಲೆಕ್ಕಿಗನ ಬಗ್ಗೆ ಒಂದು ಸಂಜೆ ಮಾತಾಡಿ. ವಿರಾಮಚಿಹ್ನೆಯ ಬಗ್ಗೆ ಆಮೇಲೆ ಮಾತಾಡಿದರೂ ಆಗುತ್ತದೆ.

ಅಲ್ಪವಿರಾಮ:

ಚಿಹ್ನೆಯ ಬಗ್ಗೆಯೂ ಒಂದು ಮಾತು ಹೇಳುತ್ತೇನೆ, ಮೇಲಿನವರ ಮಾತಿನ ತೂಕ ಇದಕ್ಕಿಲ್ಲದಿದ್ದರೂ. ಈ ಪುಸ್ತಕವನ್ನು ಕನ್ನಡದಲ್ಲಿ ಹೇಳಿ ನೋಡಿದ್ದೀರಾ? ನಮ್ಮ ಲಿಪಿಯಲ್ಲಿ ಕ್ಯಾಪಿಟಲ್ ಅಕ್ಷರವೇ ಇಲ್ಲ, ಸರಮಾಗೋ ಉಳಿಸಿಕೊಂಡ ಒಂದೇ ಒಂದು ಗುರುತೂ ನಮಗೆ ಸಿಗುವುದಿಲ್ಲ. ಆದರೆ ನಮಗೆ ‘ಅಂದಳು’, ‘ಅಂತ’ ಇವೆ. ಎಲ್ಲಿದ್ದೀಯ ಅಂದಳು ಇಲ್ಲೇ ಇದ್ದೀನಿ ಅಂದ ಹಾಗಾದರೆ ಕೈ ಕೊಡು ಅಂದಳು. ನೋಡಿ, ಒಂದು ಚಿಹ್ನೆಯೂ ಇಲ್ಲ, ಗೊಂದಲವೂ ಇಲ್ಲ. ಮನೆಯಲ್ಲಿ ಕಥೆ ಹೇಳುವವರು ಹೇಳುವುದೇ ಹೀಗೆ.

ನಿಮ್ಮ ಹಿರಿಯರಿಗೆ ಸರಮಾಗೋ ಅವರದ್ದೇ ಇನ್ನೊಂದು ಪುಸ್ತಕ ಕೊಡಿ. 1989ರದ್ದು, ‘ದಿ ಹಿಸ್ಟರಿ ಆಫ್ ದಿ ಸೀಜ್ ಆಫ್ ಲಿಸ್ಬನ್’. ಅದರ ನಾಯಕ ಪ್ರೂಫ್ ನೋಡುವವನು. 1147ರಲ್ಲಿ ಲಿಸ್ಬನ್ ಗೆಲ್ಲಲು ಕ್ರೈಸ್ತ ಧರ್ಮಯೋಧರು (ಕ್ರುಸೇಡರ್‌ಗಳು) ಪೋರ್ಚುಗಲ್ಲಿನ ರಾಜನಿಗೆ ನೆರವಾದರೆಂಬ ಇತಿಹಾಸದ ಪುಸ್ತಕವನ್ನು ತಿದ್ದುತ್ತಾ, ಬೇಕೆಂದೇ ಒಂದು ‘ಇಲ್ಲ’ ಸೇರಿಸಿಬಿಡುತ್ತಾನೆ. ಅವರು ನೆರವಾಗಲಿಲ್ಲ ಎಂದಾಗುತ್ತದೆ. ಅಲ್ಲಿಂದ ಅವನ ಬದುಕೇ ಬೇರೆಯಾಗುತ್ತದೆ. ಶೈಲಿ ಅದೇ, ಸುಲಭವೇನಲ್ಲ. ಆದರೆ ಆ ಕೆಲಸ ಮಾಡಿದವರಿಗೆ ಪುಟಪುಟದಲ್ಲೂ ತಮ್ಮವನೊಬ್ಬ ಸಿಗುತ್ತಾನೆ.

ಸಂಜೆಓದು (ಐದು ವಾರದ ನಂತರ):

ತಡವಾಯಿತು, ಆದರೆ ಏನಾಯಿತೆಂದು ತಿಳಿಸದೆ ಇರಲಾರೆ.

ಪುಸ್ತಕ ಮುಗಿಸಲೇಬೇಕೆಂಬ ಮಾತು ಬಿಟ್ಟೆವು. ಗೆಳತಿಗೆ ಯಾವ ಪುಟದಿಂದ ಯಾವ ಪುಟಕ್ಕೆ ದಾಟಬಹುದೆಂದು ಬರೆದು ಕೊಟ್ಟೆ. ದಾಟಿ ಹೋಗಿ ಕೊನೆಯವರೆಗೂ ಓದಿದ್ದಾಳೆ. ಬಾಲ್ಕನಿಯ ಮಳೆಯನ್ನು ನಾನು ಓದಬೇಕೆಂದಿದ್ದೆ, ಅವಳೇ ಕೇಳಿ ತೆಗೆದುಕೊಂಡು ಗಟ್ಟಿಯಾಗಿ ಓದಿದಳು. ಇಂಗ್ಲಿಷಿನಲ್ಲಿ ಒಂದು ಸಲ, ಆಮೇಲೆ ಕನ್ನಡದಲ್ಲಿ ತಡವರಿಸುತ್ತಾ ಹೇಳಿಕೊಂಡು ಇನ್ನೊಂದು ಸಲ. ಬೇಸರವೆಂದಿದ್ದ ಇಬ್ಬರಲ್ಲಿ ಒಬ್ಬರಿಗೆ ಈಗಲೂ ಬೇಸರವೇ.

ಬೆರಳೋದು ಅವರೇ, ನಿಮ್ಮ ಬರಹವನ್ನು ಸಭೆಯಲ್ಲಿ ಓದಿದೆ. ಮೂರು ಸಲ ಓದಿದ ಪುಸ್ತಕದಲ್ಲಿ ಆ ಲೆಕ್ಕಿಗನನ್ನು ನಾನು ಖಳನ ಕೈಯಾಳು ಎಂದಷ್ಟೇ ಓದಿದ್ದೆ. ಅವತ್ತಿನ ಸಂಜೆ ಪೂರ್ತಿ ಅವನ ಮೇಲೇ ಕಳೆಯಿತು. ಒಮ್ಮತಕ್ಕೆ ಬರಲಿಲ್ಲ. ಪುಸ್ತಕದ ಮೇಲಿನ ನನ್ನ ಪ್ರೀತಿ ಹೋಗಿಲ್ಲ, ಆದರೆ ಆ ಪುಟಗಳನ್ನು ಮೊದಲಿನ ಹಾಗೆ ಓದಲು ಇನ್ನು ನನ್ನಿಂದಾಗದು.

ಹಿರಿಯರು ಆ ಭಾನುವಾರ ಬಂದರು. ‘ಬ್ಲೈಂಡ್‌ನೆಸ್’ ಮತ್ತೆ ತೆರೆದಿಲ್ಲ, ತೆರೆಯುವುದೂ ಇಲ್ಲವೆಂದರು. ಅಲ್ಪವಿರಾಮ ಅವರು ಹೇಳಿದ ಪ್ರೂಫ್ ನೋಡುವವನ ಪುಸ್ತಕವನ್ನು ಕೈಗಿಟ್ಟಿದ್ದೆ. ನಲವತ್ತು ಪುಟ ಓದಿದ್ದಾರಂತೆ, ಪುಟದ ಅಂಚಿನಲ್ಲಿ ಪೆನ್ಸಿಲ್ ಗುರುತುಗಳಿದ್ದವು. ಆ ಒಂದು ‘ಇಲ್ಲ’ದ ಬಗ್ಗೆ ಬಹಳ ಹೊತ್ತು ಮಾತಾಡಿದರು. “ಅವರ ಭಾಷೆಯಲ್ಲಿ ಕ್ರಿಯಾಪದದ ಹಿಂದೆ ಒಂದು ಪದ ತೂರಿಸಿದರೆ ಕೆಲಸ ಮುಗೀತು. ಕನ್ನಡದಲ್ಲಿ ಇವನಿಗೆ ಅದು ಆಗ್ತಿರಲಿಲ್ಲಮ್ಮ. ‘ನೆರವಾದರು’ ಅನ್ನೋದನ್ನ ‘ನೆರವಾಗಲಿಲ್ಲ’ ಮಾಡಬೇಕಾದರೆ ಪದವನ್ನೇ ಒಡೆದು ಕಟ್ಟಬೇಕು. ಕೈ ತಪ್ಪಿ ಬಿತ್ತು ಅನ್ನೋ ಹಾಗಿಲ್ಲ,” ಎಂದು ಪೆನ್ಸಿಲ್ ತೆಗೆದು, ನನ್ನ ಟಿಪ್ಪಣಿ ಪುಸ್ತಕದ ಮೇಲೆ ಎರಡೂ ಪದ ಬರೆದು ತೋರಿಸಿದರು.